ಬಂದ ಮೇಲೆ ನೋಡೋಣ

ಹಾಲಿನ ನಡುವೆ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಮಲಗಿದ್ದವು. ಒಂದರಲ್ಲಿ ಬಾಣಂತಿ ಖಾರ, ಅಂಟಿನುಂಡೆ, ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ತಂದ ಬಜೆ, ಜಾಯಿಕಾಯಿ, ಒಗೆದು ಒಗೆದು ಮೆತ್ತಗಾದ ಹಳೇ ಪಂಚೆಯ ತುಂಡುಗಳು. ಇನ್ನೊಂದರಲ್ಲಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ. ಒಂದರ ವಾಸನೆ ಇನ್ನೊಂದಕ್ಕೆ ಹತ್ತದಂತೆ ಮೂರು ಮೂರು ಕವರಿನಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಇಟ್ಟಿದ್ದೆ. ನಮ್ಮವರು ಕೊಕ್ಕೆ ತಕ್ಕಡಿಗೆ ಪೆಟ್ಟಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, "ಇಪ್ಪತ್ನಾಲ್ಕೂವರೆ ಕಣೇ, ಒಂದೂವರೆ ತೆಗಿ" ಎನ್ನುತ್ತಿದ್ದರು. ಮೊಮ್ಮಗುವಿನ ಪಂಚೆ ತೆಗೆಯಲೋ, ಅಳಿಯನ ಚಟ್ನಿಪುಡಿ ತೆಗೆಯಲೋ ಎಂದು ನಾನು ನೆಲದ ಮೇಲೆ ಕೂತು ಲೆಕ್ಕ ಹಾಕುತ್ತಿದ್ದಾಗ, ಹದಿನಾಲ್ಕು ವರ್ಷದಿಂದ ನಮ್ಮ ಮನೆಯ ಪಾತ್ರೆ ತಿಕ್ಕುತ್ತಿರುವಾಕೆ ಅಡಿಗೆಮನೆಯ ಹೊಸಿಲಲ್ಲಿ ಬಂದು ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಮುಂದೆ ಹಿಡಿದಳು.

"ಅಮ್ಮಾ, ಇದೊಂಚೂರು ನೋಡ್ಕೊಡ್ತೀರಾ? ಏನೋ ಮೆಸೇಜ್ ಬಂದೈತೆ."

ನಾನು ತಲೆ ಎತ್ತಲಿಲ್ಲ. "ಬಂದ್ಮೇಲೆ ನೋಡೋಣ ಕಣೇ. ಮನೆ ಹೇಗಿದೆ ನೋಡ್ತಿದೀಯಲ್ಲ."

"ಆಗ್ಲಿ ಅಮ್ಮ" ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನು ಬರುವುದು ಐದು ತಿಂಗಳ ಮೇಲೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇದನ್ನು ನಿಮಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ನಿಮ್ಮನ್ನು ನಾನು ಬಲ್ಲೆ. ಬೆಳಿಗ್ಗೆ ಲಾಲ್‌ಬಾಗಿನಲ್ಲೋ ಸ್ಯಾಂಕಿ ಕೆರೆಯ ಏರಿಯ ಮೇಲೋ ನಡೆಯುವಾಗ ಎದುರಾಗುವವರು ನೀವು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮಡಿಸಿಡುವವರು. ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಅರ್ಧ ದಾರಿಯಿಂದ ವಾಪಸು ಹೋಗಿ ಕೊಟ್ಟು ಬರುವವರು. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ರಾತ್ರಿ ನಿದ್ದೆ ಬಾರದವರು. ನೀವು ಕೆಟ್ಟವರಾಗಿದ್ದರೆ ನಾನು ಈ ಮಾತು ಆಡುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ನಿಮ್ಮ ಅಡಿಗೆಮನೆಯ ಹೊಸಿಲಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕುರ್ಚಿಯಲ್ಲಿ, ನಿಮ್ಮ ಇಸ್ತ್ರಿ ಗಾಡಿಯ ಪಕ್ಕದಲ್ಲಿ ಇದೇ ಮಾತನ್ನು ನೀವೂ ಕೇಳಿದ್ದೀರಿ. ಇದೇ ಉತ್ತರವನ್ನು ನೀವೂ ಕೊಟ್ಟಿದ್ದೀರಿ.

ಹಾಗಂತ ನಮಗೇನು ಈ ಯಂತ್ರಗಳು ಸಲೀಸೇ? ವೀಸಾ ಅರ್ಜಿ ತುಂಬುತ್ತ ಕೂತವಳು ಹಾಲು ಉಕ್ಕೀತೆಂದು ಎದ್ದು ಹೋಗಿ ಬರುವಷ್ಟರಲ್ಲಿ ಅದು ನನ್ನನ್ನು ಹೊರಗೆ ಹಾಕಿ ಕದ ಮುಚ್ಚಿರುತ್ತಿತ್ತು. ಫೋಟೊ ಮೂರು ಸಲ ವಾಪಸು ಬಂತು. ನಾನು ಮನುಷ್ಯಳೇ ಎಂದು ಸಾಬೀತು ಮಾಡಲು ಟ್ರಾಫಿಕ್ ಲೈಟ್ ಇರುವ ಚೌಕಗಳನ್ನೆಲ್ಲ ಒತ್ತಬೇಕಂತೆ. ಲೈಟಿನ ಕಂಬ ಲೈಟಿನ ಲೆಕ್ಕವೋ ಅಲ್ಲವೋ ಎಂಬ ಧರ್ಮಸಂಕಟದಲ್ಲಿ ಬಿದ್ದು ನಾನು ಮನುಷ್ಯಳಲ್ಲವೆಂದೇ ತೀರ್ಮಾನವಾಯಿತು. ಅತ್ತೇಬಿಡುತ್ತಿದ್ದೆ. ಆದರೆ ರಾತ್ರಿ ಒಂಬತ್ತಕ್ಕೆ ಮಗಳು ವಿಡಿಯೊದಲ್ಲಿ ಬಂದು, ತುಂಬಿದ ಹೊಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಓರೆ ಮಾಡಿಟ್ಟುಕೊಂಡು, "ಅಮ್ಮಾ, ಸ್ಕ್ರೀನ್ ಶೇರ್ ಮಾಡು, ನಾನ್ ನೋಡ್ತೀನಿ" ಎಂದಳು. ನಾನ್ ನೋಡ್ತೀನಿ. ಹೆರಿಗೆ ಆದ ಮೇಲೆ ನೋಡೋಣ ಎನ್ನಲಿಲ್ಲ ಅವಳು.

ನಮಗೂ ನಮ್ಮ ಪಾತ್ರೆ ತಿಕ್ಕುವಾಕೆಗೂ ಇರುವ ಅಂತರ ಇಷ್ಟೇ. ನಮಗೆ ಯಂತ್ರ ಗೊತ್ತಿದೆ, ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೇವಲ್ಲ, ಅದು ಸುಳ್ಳು. ನಮಗೂ ಗೊತ್ತಿಲ್ಲ. ನಮಗೆ ಹೇಳಿಕೊಡುವವರಿದ್ದಾರೆ. ಅವಳಿಗೆ ನಾವಿದ್ದೇವೆ, ಮತ್ತು ನಾವು ಸೂಟ್‌ಕೇಸು ತುಂಬುತ್ತಿದ್ದೇವೆ.

ಹೆಬ್ಬೆಟ್ಟು ಎಂಬ ಮಾತನ್ನು ನಾವು ಚಿಕ್ಕವರಿದ್ದಾಗ ಬೈಗುಳವಾಗಿ ಕೇಳಿದ್ದೆವು. ಓದದಿದ್ದರೆ ಹೆಬ್ಬೆಟ್ಟಾಗಿ ಹೋಗ್ತೀಯ ಎಂದು ಮೇಷ್ಟ್ರು ಹೆದರಿಸುತ್ತಿದ್ದರು. ಈಗ ಕಾಲ ತಿರುಗಿ ಬಿ.ಎಸ್ಸಿ. ಓದಿದವರೂ ಹೆಬ್ಬೆಟ್ಟನ್ನೇ ಒತ್ತಬೇಕು. ರೇಷನ್ ಅಂಗಡಿಯಲ್ಲಿ ಒತ್ತಬೇಕು, ಸಿಮ್ ಕೊಳ್ಳಲು ಹೋದರೆ ಒತ್ತಿಸುತ್ತಾರೆ. ಆದರೆ ದಿನಕ್ಕೆ ಐದು ಮನೆಯ ಪಾತ್ರೆ ತಿಕ್ಕಿ, ಸೋಪಿನ ನೀರಿನಲ್ಲಿ ನೆನೆದು ನೆನೆದು, ಅವಳ ಹೆಬ್ಬೆಟ್ಟಿನ ಗೆರೆಗಳೇ ಸವೆದಿವೆ. ಒಮ್ಮೆ ಅವಳ ಕೈ ಹಿಡಿದು ನೋಡಿದೆ: ನಡುವೆ ಒಂದು ಬಿಳಿಯ ನುಣುಪು, ಹಳೇ ನಾಣ್ಯದ ಮೇಲಿನ ರಾಜನ ಮುಖದಂತೆ. ಆ ಗೆರೆಗಳು ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಬಾಣಲೆಗಳ ತಳ ನೋಡಿದರೆ ಗೊತ್ತಾಗುತ್ತದೆ. ಅವಳು ಮತ್ತೆ ಮತ್ತೆ ಒತ್ತುತ್ತಾಳೆ, ಯಂತ್ರ ಕೀಂಯ್ ಎನ್ನುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ, ಅಂಗಡಿಯವನು "ನಾಳೆ ಬಾರಮ್ಮ, ಸರ್ವರ್ ಇಲ್ಲ" ಎನ್ನುತ್ತಾನೆ. ನಮ್ಮ ಕಾಲದಲ್ಲಿ ಸರ್ವರ್ ಎಂದರೆ ವಿದ್ಯಾರ್ಥಿ ಭವನದಲ್ಲಿ ಮೊಳಕೈವರೆಗೂ ದೋಸೆಯ ತಟ್ಟೆ ಪೇರಿಸಿಕೊಂಡು ಬರುವವರು. ಎಂಥ ಗದ್ದಲವಿದ್ದರೂ ಅವರು ಬಂದೇ ಬರುತ್ತಿದ್ದರು, ಈಗಲೂ ಬರುತ್ತಾರೆ. ಈ ಇನ್ನೊಂದು ಸರ್ವರ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅದರ ಹೆಸರಿನಲ್ಲಿ ಅವಳ ಒಂದು ದಿನದ ಕೂಲಿ ಹೋಗುತ್ತದೆ, ಮಾರನೆಯ ದಿನ ಇನ್ನೊಂದು.

ಈ ಬೆರಳಚ್ಚಿನ ಹಿಂದಿರುವ ಆಧಾರ್ ಕಥೆಯ ಎರಡು ತುದಿಯೂ ನಮ್ಮ ಊರಿನಲ್ಲೇ ಇರುವುದು ನನ್ನನ್ನು ಕಾಡುತ್ತದೆ. 2009ರಲ್ಲಿ ಆಧಾರ್ ಕಟ್ಟುವ ಪ್ರಾಧಿಕಾರದ ಹೊಣೆ ಹೊತ್ತ ನಂದನ್ ನಿಲೇಕಣಿ ಬೆಂಗಳೂರಿನವರು. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಕೆ.ಎಸ್. ಪುಟ್ಟಸ್ವಾಮಿಯವರೂ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದವರು, ಆಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮಲ್ಲಿ ಬಹುತೇಕರು ಪಾರ್ಕಿನ ಬೆಂಚಿನ ಮೇಲೆ ಕೂತು ದೇಶ ಕೆಟ್ಟಿತು ಎನ್ನುತ್ತಿರುತ್ತೇವೆ. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಮುಂದಿನ ವರ್ಷ ಸೆಪ್ಟೆಂಬರಿನ ತೀರ್ಪಿನಲ್ಲಿ ಆಧಾರ್ ಉಳಿಯಿತು. ಆದರೆ ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸಿಗಬೇಕಾದ್ದು ತಪ್ಪಬಾರದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಪುಟ್ಟಸ್ವಾಮಿಯವರು 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಮಾತು ಕೋರ್ಟಿನಿಂದ ರೇಷನ್ ಅಂಗಡಿಯ ಕಟ್ಟೆಗೆ ಇಳಿದು ಬರಲು ಯಾರಾದರೂ ಅದನ್ನು ಕೈಹಿಡಿದು ಕರೆತರಬೇಕಿತ್ತು. ಓದಿದವರು, ಪೇಪರನ್ನು ಕೊನೆಯ ಪುಟದವರೆಗೆ ಓದುವವರು. ನಾವು ಓದಿ, ಮಡಿಸಿ, ರದ್ದಿಗೆ ಹಾಕಿದೆವು.

ನಮ್ಮ ಬಡಾವಣೆಗಳು ಹುಟ್ಟಿದ ಬಗೆಯನ್ನು ನೆನೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. 1898ರಲ್ಲಿ ಪೇಟೆಗೆ ಪ್ಲೇಗ್ ಬಿದ್ದಾಗ, ಗಾಳಿ ಬೆಳಕಿನ ಅಗಲ ರಸ್ತೆಗಳ ಊರು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಮುಂದೆ ದೊಡ್ಡ ರಸ್ತೆ, ತುಳಸಿಕಟ್ಟೆ, ಜಗಲಿ. ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ, ಕನ್ಸರ್ವೆನ್ಸಿ. ನಮ್ಮ ಹೇಸಿಗೆಯನ್ನು ತಲೆಯ ಮೇಲೆ ಹೊತ್ತು ಹೋಗುವವರು ಆ ಓಣಿಯಿಂದ ಬಂದು ಆ ಓಣಿಯಿಂದಲೇ ಹೋಗಬೇಕು, ಮುಂಬಾಗಿಲಿಗೆ ಅವರ ನೆರಳು ಬೀಳಬಾರದು, ಅದಕ್ಕಾಗಿ ನಕ್ಷೆಯಲ್ಲೇ ಗೆರೆ ಎಳೆದು ಕಟ್ಟಿದ ದಾರಿ ಅದು. ಇವತ್ತು ಆ ಓಣಿಗಳಲ್ಲಿ ಕೆಲವು ಮುಚ್ಚಿವೆ, ಕೆಲವನ್ನು ಮನೆಗಳು ನುಂಗಿವೆ, ಮಲ್ಲೇಶ್ವರದಲ್ಲಿ ಕೆಲವಕ್ಕೆ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ. ಆದರೆ ಏರ್‌ಪೋರ್ಟಿನಲ್ಲಿ ನನ್ನ ಮುಖ ನೋಡಿದ ಕ್ಯಾಮೆರಾ ಗೇಟನ್ನು ತಾನಾಗಿ ತೆರೆದಾಗ, ಅದೇ ಹೊತ್ತಿನಲ್ಲಿ ಅವಳು ಯಾವುದೋ ಕಿಟಕಿಯ ಮುಂದೆ ಜೆರಾಕ್ಸ್ ಕಾಗದ ಹಿಡಿದು ಮೂರನೆಯ ಸಲ ನಿಂತಿರಬಹುದೆಂದು ನೆನಪಾದಾಗ, ಕನ್ಸರ್ವೆನ್ಸಿ ಓಣಿ ಎಲ್ಲಿಗೂ ಹೋಗಿಲ್ಲ ಅನ್ನಿಸಿತು. ಈ ಸಲ ಅದಕ್ಕೆ ಗೋಡೆಗಳಿಲ್ಲ, ಅದಕ್ಕೇ ನಮಗೆ ಕಾಣಿಸುವುದಿಲ್ಲ.

ಚಾಮರಾಜಪೇಟೆಯ ನಮ್ಮ ತಾತ ದೊಡ್ಡ ಸುಧಾರಕರೇನಲ್ಲ. ಗಾಡಿಯವರು, ಹೂವಿನವರು, ಮೂಟೆ ಹೊರುವವರನ್ನು ಅವರು ನಡುಮನೆಗೆ ಕರೆದವರಲ್ಲ; ಅದನ್ನು ಮುಚ್ಚಿಟ್ಟು ಪುಣ್ಯಕಥೆ ಹೇಳಲಾರೆ. ಆದರೆ ದಿನವೂ ಬೆಳಿಗ್ಗೆ ಜಗಲಿಯ ಮೇಲೆ ಮಸಿಕುಡಿಕೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಊರಿನಿಂದ ಬಂದ ಕಾಗದ ಓದಿಸಲು, ಮನಿಯಾರ್ಡರ್ ಫಾರಂ ತುಂಬಿಸಲು ಬಂದವರು ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದರು, ತಾತ ಬರೆಯುತ್ತಿದ್ದರು, ಉಭಯ ಕುಶಲೋಪರಿ. ಯಾರದೋ ಎಮ್ಮೆ ಈದದ್ದು, ಯಾರದೋ ತಾಯಿ ತೀರಿದ್ದು, ಎಲ್ಲವೂ ಅವರ ಕೈಬರಹದಲ್ಲಿ ಊರೂರಿಗೆ ಹೋಯಿತು. ಇದನ್ನು ಅವರು ಸೇವೆ ಎಂದೇನೂ ಕರೆಯುತ್ತಿರಲಿಲ್ಲ. ಅಕ್ಷರ ಬಲ್ಲವನ ಮನೆಗೆ ಜಗಲಿ ಇರುವುದೇ ಅದಕ್ಕೆ ಎಂದುಕೊಂಡಿದ್ದರು. ನಮ್ಮ ಜಗಲಿಗೆ ನಾವು ಗ್ರಿಲ್ ಹಾಕಿಸಿ, ಗ್ರಿಲ್ಲಿಗೆ ಕ್ಯಾಮೆರಾ ಹಾಕಿಸಿದ್ದೇವೆ. ಬಂದವರ ಮುಖ ಅಮೆರಿಕದಲ್ಲಿ ಕೂತ ಮಗಳಿಗೆ ಕಾಣುತ್ತದೆ, ಒಳಗಿರುವ ನಮಗೆ ಕಾಣುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಉಚಿತವಾದಾಗ ನಿಮ್ಮಲ್ಲಿ ಎಷ್ಟೋ ಜನ ಮೂಗು ಮುರಿದಿರಿ, ನಾನೂ ಸ್ವಲ್ಪ ಮುರಿದೆ. ಆದರೆ ನಮ್ಮ ಮನೆಗೆಲಸದಾಕೆ ಹುಟ್ಟಿದ ಮೇಲೆ ಮೊದಲ ಸಲ ತನ್ನ ತಾಯಿಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿಬಂದಳು. ಒಂದು ಕೈಚೀಲದಲ್ಲಿ ಎರಡು ಸೀರೆ, ಚಪಾತಿ, ಉಪ್ಪಿನಕಾಯಿ: ಪ್ರಯಾಣದ ತಯಾರಿ ಅಂದರೆ ಅಷ್ಟೇ, ತೂಕ ನೋಡುವವರಿಲ್ಲ. ಅಲ್ಲಿ ಪಾಸ್‌ವರ್ಡ್ ಇರಲಿಲ್ಲ. ಕಾರ್ಡು ತೋರಿಸಿದಳು, ಕಂಡಕ್ಟರ್ ಮುಖ ನೋಡಿದ, ಟಿಕೆಟ್ ಹರಿದ. ನಡುವೆ ಒಬ್ಬ ಮನುಷ್ಯ ಇದ್ದ, ಅದಕ್ಕೇ ಆ ಯೋಜನೆ ಅವಳ ಕೈಗೆ ಸಿಕ್ಕಿತು. ಎಲ್ಲಿ ಆ ಮನುಷ್ಯನನ್ನು ತೆಗೆದು ಕಿಟಕಿ ಮುಚ್ಚಿದರೋ ಅಲ್ಲಿ ಅವಳು ಹೊರಗೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ಟಿಗೂ ಆಧಾರ್ ಬೇಕು, ಆಮೇಲೆ ಕೌಂಟರಿಗೆ ಹೋದರೂ ಓಟಿಪಿ ಬೇಕಾಯಿತು. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ, ಹೆಂಗಸರಿಗೆ ಅರ್ಧ ದರ, 2020ರ ಮಾರ್ಚಿನಲ್ಲಿ ಕೊರೋನಾ ಕಾಲದಲ್ಲಿ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ನಾವು ವಿಮಾನದಲ್ಲಿ ಹೋಗುವವರು, ನಮಗೆ ಅದು ನಿಂತದ್ದೇ ಎಷ್ಟೋ ದಿನ ಗೊತ್ತಾಗಲಿಲ್ಲ.

ಗೊತ್ತಾದಾಗಲೂ ನಮಗೆ ಬಂದ ಸಿಟ್ಟು ಯಾವುದರ ಮೇಲೆ? 2025ರ ಜುಲೈಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅವರ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸು ಬಂದವಲ್ಲ, ಹಾವೇರಿಯ ತರಕಾರಿಯವರೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂದು ಸುದ್ದಿಯಾಯಿತಲ್ಲ, ಆಗ ಬೆಂಗಳೂರಿನ ಅಂಗಡಿ, ಗಾಡಿಗಳ ಮೇಲಿನ ಕ್ಯೂಆರ್ ಹಾಳೆ ಕಿತ್ತು "ಕ್ಯಾಷ್ ಮಾತ್ರ" ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಮೂಲಂಗಿ ಕಟ್ಟು ಕೈಯಲ್ಲಿ ಹಿಡಿದುಕೊಂಡು ನಾವು ಬೈದದ್ದು ಚಿಲ್ಲರೆ ಇಲ್ಲವೆಂದು. ಆ ಹಾಳೆಯನ್ನು ಅಂಟಿಸಿಕೊಳ್ಳಿ, ಕಾಲಕ್ಕೆ ತಕ್ಕಂತೆ ನಡೆಯಿರಿ ಎಂದು ಅವರಿಗೆ ಬುದ್ಧಿ ಹೇಳಿದವರು ನಾವೇ. ನೋಟಿಸು ಓದಿ ಹೇಳಲು ಒಬ್ಬ ಆಡಿಟರ್ ಕೂಡ ಇಲ್ಲದೆ ಅವರು ಬೆವರಿದ ಆ ವಾರ, ನಮ್ಮ ಬಡಾವಣೆಯ ಪ್ರತಿ ಬೀದಿಯಲ್ಲೂ ನಾಲ್ಕು ಜನ ರಿಟೈರ್ಡ್ ಬ್ಯಾಂಕಿನವರು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು.

ಇನ್ನು 2024ರ ಏಪ್ರಿಲ್ 26. ಹಿಂದಿನ ವರ್ಷ ವಿಧಾನಸಭೆಗೆ ಮತದಾನವನ್ನು ಬುಧವಾರ ಇಟ್ಟಿದ್ದರು, ನಾವು ರಜೆಗೆ ರಜೆ ಕೂಡಿಸಿಕೊಂಡು ಓಡಿಹೋಗಬಾರದೆಂದು. ಮಕ್ಕಳಿಗೆ ಬಿಸ್ಕೆಟ್ ಡಬ್ಬ ಎತ್ತರದಲ್ಲಿ ಇಟ್ಟಂತೆ. ಲೋಕಸಭೆಗೆ ಶುಕ್ರವಾರ ಬಂತು. ಗುರುವಾರ ಸಂಜೆಯೇ ನಮ್ಮ ಬೀದಿಯಲ್ಲಿ ಕಾರುಗಳ ಡಿಕ್ಕಿ ತೆರೆದಿತ್ತು. ಚಿಕ್ಕಮಗಳೂರು, ಕೊಡಗು, ಊಟಿ. ನಿಮ್ಮ ಬ್ಯಾಗುಗಳನ್ನು ನಾನು ನೋಡಿದೆ. ರಾಜ್ಯದಲ್ಲಿ ನೂರಕ್ಕೆ 70 ಜನ ಮತ ಹಾಕಿದಾಗ, ಬಸವನಗುಡಿ ಸೇರಿರುವ ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು 53. ಕೆಂಪಾಂಬುಧಿ ಕೆರೆಯ ಆಚೆಯಿಂದ ನಡೆದು ಬರುವ ನಮ್ಮ ಮನೆಗೆಲಸದಾಕೆ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಅರ್ಧ ಗಂಟೆ ತಡವಾಯಿತೆಂದು ಕ್ಷಮೆ ಕೇಳುತ್ತ ಪಾತ್ರೆಗೆ ಕೈ ಹಾಕಿದಳು. 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಆ ಮಸಿಗೆ ಅವಳ ಸವೆದ ಕೈಯ ಬಗ್ಗೆ ತಕರಾರಿಲ್ಲ. "ನೀವು ಹೋಗ್ಬಂದ್ರಾ ಅಮ್ಮ?" ಎಂದು ಕೇಳಿದಳು. ಎಲ್ಲಿಗೆ ಹೊರಟವರಿಗಾದರೂ ಮನಸ್ಸಿನಲ್ಲಿ ಇದ್ದ ಮಾತು ಒಂದೇ. ಬಂದ ಮೇಲೆ ನೋಡೋಣ.

ಬಂದ ಮೇಲೆ ಏನು ನೋಡಿದೆವು? 2015ರಲ್ಲಿ ಆರಿಸಿದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿದದ್ದು, ಐದು ವರ್ಷ ದಾಟಿದರೂ ಮತ್ತೆ ಆರಿಸಲಿಲ್ಲ. ಒಂದಿದ್ದ ಪಾಲಿಕೆ 2025ರಲ್ಲಿ ಐದಾಯಿತು. ಕಾರ್ಪೊರೇಟರ್ ಎಂದರೆ ನಮಗೆ ಫ್ಲೆಕ್ಸಿನ ಮೇಲಿನ ಮೀಸೆ. ಅವಳಿಗೆ ಬೆಳಿಗ್ಗೆ ಆರಕ್ಕೆ ಮನೆ ಮುಂದೆ ಹೋಗಿ ನಿಂತು "ಅಣ್ಣಾ, ಇದೊಂಚೂರು ನೋಡ್ಕೊಡಿ" ಎನ್ನಬಹುದಾಗಿದ್ದ ಕೊನೆಯ ಬಾಗಿಲು. ಅದೂ ಮುಚ್ಚಿತು, ನಾವು ಏನೂ ಅನ್ನಲಿಲ್ಲ. ಸಾರ್ವಜನಿಕ ವಿಷಯಗಳನ್ನು ಓದಿದವರು ಕೂತು ವಿಚಾರ ಮಾಡಲಿ ಎಂದು ಡಿ.ವಿ.ಜಿ. 1945ರಲ್ಲಿ ಗೋಖಲೆ ಸಂಸ್ಥೆಯನ್ನು ಕಟ್ಟಿದ ಬಡಾವಣೆ ನಮ್ಮದು. ಅಲ್ಲಿಯ ಉಪನ್ಯಾಸಗಳಿಗೆ ನಾವು ಈಗಲೂ ತಪ್ಪದೆ ಹೋಗುತ್ತೇವೆ, ನಾನೂ ಹೋಗುತ್ತೇನೆ.

ಐದು ತಿಂಗಳ ಮೇಲೆ ಬಂದೆ. ಅವಳಿಗೆಂದು ಚಾಕೊಲೇಟು, ಒಂದು ಸ್ವೆಟರು ತಂದಿದ್ದೆ. ಸಂಜೆ ನೆನಪಾಗಿ, "ಅದೇನೋ ಮೆಸೇಜ್ ಅಂದಿದ್ಯಲ್ಲೇ, ತೋರ್ಸು" ಎಂದೆ.

"ಅದಾ? ಬಿಡಿ ಅಮ್ಮ, ಆಗ್ಲೇ ಹೋಯ್ತು."

ಹೋದದ್ದು ಮೆಸೇಜು ಎಂದುಕೊಂಡೆ. ಬಿಡಿಸಿ ಕೇಳಿದರೆ, ಅವಳ ಖಾತೆಗೆ ಬರುತ್ತಿದ್ದ ಹಣ ನಿಂತಿತ್ತು. ಆಧಾರಿಗೆ ಜೋಡಿಸಿದ್ದ ನಂಬರು, ಬಿಟ್ಟುಹೋದ ಗಂಡನ ಹಳೇ ಸಿಮ್ಮಿನದು. ಓಟಿಪಿಗಳೆಲ್ಲ ಎಲ್ಲಿಯೋ ಯಾರಿಗೋ ಹೋಗುತ್ತಿದ್ದವು. ಅದನ್ನು ಸರಿಮಾಡಿಸಲು ನಾಲ್ಕು ದಿನ ಕೆಲಸ ಬಿಟ್ಟು ಅಲೆದಿದ್ದಾಳೆ. ಆಮೇಲೆ ಒಬ್ಬ ಫೋನು ಮಾಡಿ, ಬಹಳ ಮರ್ಯಾದೆಯಿಂದ "ಅಮ್ಮಾ, ನಾನು ನೋಡಿಕೊಡುತ್ತೇನೆ" ಎಂದನಂತೆ. ಯಾರೂ ನೋಡಿಕೊಡದ ಹೊತ್ತಿನಲ್ಲಿ ನೋಡಿಕೊಡುತ್ತೇನೆ ಎಂದವನನ್ನು ನಂಬದೆ ಇನ್ನೇನು ಮಾಡಿಯಾಳು? ಅವನು ಕೇಳಿದ ಅಂಕಿ ಹೇಳಿದ್ದಾಳೆ. ಮಗಳ ಕಾಲೇಜಿಗೆಂದು ಚೀಟಿ ಎತ್ತಿ ಇಟ್ಟಿದ್ದ ಹಣ, ಹನ್ನೊಂದು ಸಾವಿರ, ಹೋಯಿತು. 1930ಕ್ಕೆ ಕೂಡಲೇ ಕರೆ ಮಾಡಬೇಕೆಂದು ಅವಳಿಗೆ ಹೇಳಿದವರಿಲ್ಲ. ಆಧಾರಿನ ಸಹಾಯವಾಣಿ 1947. ಸ್ವಾತಂತ್ರ್ಯ ಬಂದ ವರ್ಷ, ಮರೆಯುವ ಹಾಗೇ ಇಲ್ಲ, ಆದರೂ ಹೇಳಿದವರಿಲ್ಲ. ಹೇಳಬಹುದಾಗಿದ್ದವಳು ಆಗ ಅಂಟಿನುಂಡೆ ತೂಗುತ್ತಿದ್ದಳು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವೆಟರನ್ನು ಮಡಿಸಿ ಚೀಲಕ್ಕಿಟ್ಟುಕೊಂಡು, "ಮೊಮ್ಮಗು ಫೋಟೊ ತೋರ್ಸಿ ಅಮ್ಮ" ಎಂದಳು.

ಮಾರನೆಯ ದಿನ ಅವಳನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನಂಬರು ಬದಲಾಯಿಸುವ ಅರ್ಜಿ, ಒಂದು ಬೆರಳು, ಒಂದು ರಸೀದಿ. ಬಾಗಿಲು ಹೊಕ್ಕಾಗಿನಿಂದ ಹೊರಗೆ ಬರುವವರೆಗೆ ಗಡಿಯಾರ ನೋಡಿದ್ದೆ, ಇಪ್ಪತ್ತು ನಿಮಿಷ. ಅವಳು ಮೊದಲೂ ಅಲ್ಲಿಗೆ ಹೋಗಿದ್ದಳು. ಈ ಸಲ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಮಾತಾಡುವ ನಾನಿದ್ದೆ, ಅದಕ್ಕೆ ಕುರ್ಚಿ ಸಿಕ್ಕಿತು.

ನಿಮ್ಮಲ್ಲಿ ನಾನು ಕೇಳುವುದು ಆ ಇಪ್ಪತ್ತು ನಿಮಿಷ. ದುಡ್ಡು ಬೇಡ, ಅದನ್ನು ನೀವು ಕೇಳದೆಯೇ ಕೊಡುತ್ತೀರಿ, ಹಬ್ಬಕ್ಕೆ ಸೀರೆಯನ್ನೂ ಕೊಡುತ್ತೀರಿ. ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ನೀವು ಬದುಕಿದ್ದೀರೆಂದು ಬ್ಯಾಂಕಿಗೆ ಸಾಬೀತು ಮಾಡಲು ಹೋಗಿ, ಮುಖ ಗುರುತಿಸದ ಯಂತ್ರದ ಮುಂದೆ ಬೆವರುತ್ತೀರಲ್ಲ, ಆ ಬೆವರನ್ನು ಮನೆಗೆ ಬಂದು ಒರೆಸಿಕೊಳ್ಳುವ ಮೊದಲು ಒಮ್ಮೆ ನೆನೆಯಿರಿ. ಅವಳಿಗೆ ಅದು ವರ್ಷಕ್ಕೊಮ್ಮೆ ಬರುವ ಕಷ್ಟವಲ್ಲ. ಗ್ರಿಲ್ಲಿನ ಬೀಗ ವಾರಕ್ಕೊಂದು ಬೆಳಿಗ್ಗೆ ತೆಗೆಯಿರಿ. ಎಲ್ಲಿ ಕೌಂಟರ್ ಮುಚ್ಚುತ್ತಾರೋ ಅಲ್ಲಿ, ಆ ಕೌಂಟರ್ ನಿಮಗೆ ಬೇಡವಾದರೂ, ಒಂದು ಕಾಗದ ಬರೆಯಿರಿ. ನಿಮ್ಮ ಕಾಗದವನ್ನು ಅವರು ಓದುತ್ತಾರೆ, ನಿಮ್ಮ ಅಳಿಯನೋ ಷಡ್ಡಕನೋ ಆ ಆಫೀಸಿನಲ್ಲೇ ಇರುತ್ತಾನೆ. ಮತ ಹಾಕಿ, ಆಮೇಲೆ ಡಿಕ್ಕಿ ತೆರೆಯಿರಿ, ಕಾಫಿ ತೋಟ ಎಲ್ಲಿಗೂ ಓಡಿಹೋಗುವುದಿಲ್ಲ. ಮತ್ತು ಯಾರಾದರೂ ಫೋನು ಹಿಡಿದು ಹೊಸಿಲಲ್ಲಿ ನಿಂತರೆ ತಲೆ ಎತ್ತಿ.

ಈಗ ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಮತ್ತೆ ಹೊರಟಿದ್ದೇವೆ. ಸೂಟ್‌ಕೇಸುಗಳು ಮತ್ತೆ ಹಾಲಿನಲ್ಲಿ ಬಾಯಿ ತೆರೆದಿವೆ, ಕೊಕ್ಕೆ ತಕ್ಕಡಿಯ ಬ್ಯಾಟರಿ ಮುಗಿದಿದೆ, ನಮ್ಮವರು ಅದನ್ನು ಗೋಡೆಗೆ ಕುಟ್ಟುತ್ತಿದ್ದಾರೆ. ಇವತ್ತು ಬೆಳಿಗ್ಗೆ ಏಳೂವರೆಗೆ ಅವಳು ಬಂದಳು, ಒಬ್ಬಳೇ ಅಲ್ಲ. ಹಿಂದೆ ಇನ್ನೊಬ್ಬಳು, ವಠಾರದವಳಂತೆ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಗೇಟಿನ ಆಚೆಯೇ ನಿಂತಿದ್ದಳು.

"ಅಮ್ಮಾ, ಊರಿಗೆ ಹೊಂಟವ್ರೆ ಅಂತ ಹೇಳ್ದೆ, ಆದ್ರೂ ಕೇಳ್ಳಿಲ್ಲ. ಇವ್ಳದೂ ಒಂಚೂರು ನೋಡ್ಕೊಡ್ತೀರಾ?"

ಒಲೆಯ ಮೇಲೆ ಕೊಬ್ಬರಿ ಹುರಿಯುತ್ತಿತ್ತು. ಉರಿ ಆರಿಸಿದೆ.

"ಒಳಗೆ ಕರಿಯೇ ಅವಳನ್ನ. ಕೂತ್ಕೊಳ್ಳಿ ಇಬ್ರೂ, ಕನ್ನಡಕ ತರ್ತೀನಿ."